ಚೀನಾದಲ್ಲಿ ಬೈಕ್ ಸಾಕುವುದು

ಬೀಜಿಂಗ್‌ನಲ್ಲಿ ನನ್ನ ಮನೆ ಇದ್ದದ್ದು ವಾಂಗ್‌ಜಿಂಗ್ ಎಂಬ ಬಡಾವಣೆಯಲ್ಲಿ. ಊರ ನಡುವಿನಿಂದ ಹೊರಟು ನಾಲ್ಕನೇ ರಿಂಗ್ ರೋಡ್ ದಾಟಿದರೆ ಸಿಗುವ ಜಾಗ. ಅಲ್ಲಿ ನಾನೊಂದು 250 ಸಿಸಿ ಬೈಕ್ ತಗೊಂಡೆ. ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು, "ಮೈಲೇಜ್ ಎಷ್ಟು ಕೊಡುತ್ತಪ್ಪಾ?" ಬೀಜಿಂಗ್‌ನ ಬೈಕಿನವರು ಕೇಳಿದ್ದು, "ಎ ಪ್ಲೇಟಾ, ಬಿ ಪ್ಲೇಟಾ?"

ಅಲ್ಲಿ ಲೆಕ್ಕಕ್ಕೆ ಬರುವುದು ಈ ಎರಡನೇ ಪ್ರಶ್ನೆ, ಅಂದರೆ ನಂಬರ್ ಪ್ಲೇಟ್ ಯಾವ ಬಗೆಯದು ಅನ್ನುವುದು. ಚೀನಾ ಪ್ರಪಂಚಕ್ಕೆಲ್ಲ ಬೈಕ್ ಮಾಡಿ ಕಳಿಸುವ ದೇಶ. ಬೈಕ್ ಸಿಗುವುದು ಸುಲಭ, ರಿಪೇರಿ ಅಗ್ಗ, ಸ್ಪೇರ್ ಪಾರ್ಟ್ ಮನೆ ಬಾಗಿಲಿಗೆ ಬರುತ್ತದೆ. ತಲೆನೋವು ಇರುವುದು ಬೇರೆ ಕಡೆ. ಗಾಡಿ ಯಾರ ಹೆಸರಿನಲ್ಲಿದೆ, ಆ ಪ್ಲೇಟಿಗೆ ಯಾವ ರಸ್ತೆವರೆಗೆ ಬಿಡುತ್ತಾರೆ, ನಿಮ್ಮ ವೀಸಾ ಯಾವಾಗ ಮುಗಿಯುತ್ತದೆ, ಇವೇ ಪ್ರಶ್ನೆಗಳು. ಹೊರದೇಶದವರು ಅಲ್ಲಿ ಬೈಕ್ ಸಾಕುವುದು ಅಂದರೆ ಮುಕ್ಕಾಲು ಪಾಲು ಕಾಗದ ಸಾಕುವುದೇ. ಕೆಲಸಕ್ಕೋ ಓದಿಗೋ ಅಲ್ಲಿಗೆ ಹೊರಟವರು ಆಗಾಗ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲೇಟ್ ಪುರಾಣ

ಚೀನಾದ ದೊಡ್ಡ ಊರುಗಳಿಗೆ ಬೈಕ್ ಕಂಡರೆ ಅಷ್ಟಕ್ಕಷ್ಟೇ. ಬೀಜಿಂಗ್ 1980ರ ದಶಕದಲ್ಲೇ ಹೊಸ ಪ್ಲೇಟುಗಳಿಗೆ ಕಡಿವಾಣ ಹಾಕಿತು. ಆಮೇಲೆ ಒಂದರ ಹಿಂದೆ ಒಂದು ಊರು ಅದೇ ದಾರಿ ಹಿಡಿಯಿತು. ಗುವಾಂಗ್‌ಝೌ ನಗರ 2007ರ ಜನವರಿ 1ರಿಂದ ಪಟ್ಟಣದೊಳಗೆ ಬೈಕನ್ನೇ ನಿಲ್ಲಿಸಿಬಿಟ್ಟಿತು. ಅಪಘಾತ, ಹೊಗೆ, ಟ್ರಾಫಿಕ್ ಎಲ್ಲ ಊರಿನವರೂ ಕೊಟ್ಟ ಕಾರಣಗಳು. ಗುವಾಂಗ್‌ಝೌನಲ್ಲಿ ಇನ್ನೊಂದು ಸೇರಿತ್ತು. ಬೈಕಿನಲ್ಲಿ ಬಂದು ಬ್ಯಾಗ್ ಕಿತ್ತುಕೊಂಡು ಹೋಗುವವರ ಕಾಟ ಅಲ್ಲಿ ವಿಪರೀತವಾಗಿತ್ತು.

ಇತ್ತೀಚೆಗೆ ಗಾಳಿ ಸ್ವಲ್ಪ ತಿರುಗಿದೆ. ಶಿಆನ್ ನಗರ 2017ರಲ್ಲಿ ನಿಷೇಧ ಸಡಿಲಿಸಿತು. ಚೊಂಗ್‌ಚಿಂಗ್‌ನಲ್ಲಿ ಮೊದಲಿಂದಲೂ ಬಿಗಿ ಕಡಿಮೆ. ಅದು ಗುಡ್ಡದ ಮೇಲಿನ ಊರು, ಸೈಕಲ್ ತುಳಿಯೋಕೆ ಆಗಲ್ಲ. ಮೇಲಾಗಿ ಝೊಂಗ್‌ಶೆನ್, ಲೊಂಗ್‌ಶಿನ್, ಲಿಫಾನ್ ಎಂಬ ಬೈಕ್ ಕಂಪನಿಗಳೆಲ್ಲ ಹುಟ್ಟಿದ್ದೇ ಅಲ್ಲಿ. ಊರ ಅನ್ನ ಬೈಕಿನಿಂದ ಬರುವಾಗ ಬೈಕನ್ನು ಓಡಿಸಬೇಡಿ ಅಂತ ಹೇಳುವುದು ಕಷ್ಟ ಅಲ್ವಾ.

ಈಗ ಬೀಜಿಂಗ್ ಲೆಕ್ಕಕ್ಕೆ ಬರೋಣ. ಅಲ್ಲಿ ಬೈಕಿಗೆ ಎರಡು ಬಗೆಯ ಪ್ಲೇಟ್. 'ಜಿಂಗ್ ಎ' ಇದ್ದರೆ ಕೆಲವು ದೊಡ್ಡ ರಸ್ತೆಗಳನ್ನು ಬಿಟ್ಟು ಊರೆಲ್ಲ ಓಡಾಡಬಹುದು. 'ಜಿಂಗ್ ಬಿ' ಇದ್ದರೆ ನಾಲ್ಕನೇ ರಿಂಗ್ ರೋಡಿನ ಒಳಗೆ ಕಾಲಿಡುವ ಹಾಗಿಲ್ಲ. ಬಿ ಪ್ಲೇಟ್ ಕಾಗದ ಸರಿ ಇದ್ದವರಿಗೆಲ್ಲ ಸಿಗುತ್ತದೆ. ಕಾರಿಗೆ ಇರುವಂತೆ ಲಾಟರಿ ಎತ್ತುವ ಕಾಟವೂ ಇಲ್ಲ. ಎ ಪ್ಲೇಟ್ ಹೊಸದಾಗಿ ಹುಟ್ಟುವುದಿಲ್ಲ. ಇರುವಷ್ಟೇ ಪ್ಲೇಟು ಕೈಯಿಂದ ಕೈಗೆ ದಾಟುತ್ತವೆ. ಪ್ಲೇಟನ್ನು ಮಾತ್ರ ಮಾರುವ ಹಾಗಿಲ್ಲವಾದ್ದರಿಂದ, ಎ ಪ್ಲೇಟ್ ಇರುವ ಒಂದು ಹಳೇ ಡಕೋಟಾ ಗಾಡಿಯನ್ನು ಜನ ಬಂಗಾರದ ಬೆಲೆಗೆ ಕೊಳ್ಳುತ್ತಾರೆ. ಗಾಡಿಯನ್ನು ಗುಜರಿಗೆ ಹಾಕಿ ಅದರ ಜಾಗದಲ್ಲಿ ಹೊಸ ಬೈಕ್ ಬರೆಸುತ್ತಾರೆ. ಓಡಿಸುವ ಬೈಕಿಗಿಂತ ಗುಜರಿಗೆ ಹೋದದ್ದೇ ದುಬಾರಿ! ಶಾಂಘೈನಲ್ಲಿ ಇನ್ನೂ ಜೋರು. ಅಲ್ಲಿ ಒಳಗಿನ 'ಹು ಎ' ಪ್ಲೇಟಿಗೆ ಲಕ್ಷಗಟ್ಟಲೆ ಯುವಾನ್. ಹೊರವಲಯದ 'ಹು ಸಿ' ಪ್ಲೇಟಿನವರು ಹೊರ ರಿಂಗ್ ರೋಡ್ ದಾಟಿ ಒಳಗೆ ಬರುವ ಹಾಗಿಲ್ಲ.

ಹೀಗಾಗಿ ಬೈಕ್ ಆಸೆ ಇದ್ದರೆ ಮೊದಲು ಮನೆ ಎಲ್ಲಿ ಮಾಡುತ್ತೀರಿ ಅಂತ ಯೋಚಿಸಿ. ವಾಂಗ್‌ಜಿಂಗ್‌ನಲ್ಲಿದ್ದ ನನಗೆ ಬಿ ಪ್ಲೇಟ್ ಸಾಕಾಯಿತು. ಆಫೀಸ್ ಕೂಡ ನಾಲ್ಕನೇ ರಿಂಗಿನ ಆಚೆ. ವಾರದ ಕೊನೆಗೆ ಹೋಗುತ್ತಿದ್ದದ್ದು ಊರಿನ ಒಳಕ್ಕಲ್ಲ, ಹೊರಕ್ಕೆ, ಮಹಾಗೋಡೆಯ ಕಡೆಯ ಹುವಾಯ್‌ರೌ, ಮಿಯುನ್ ಬೆಟ್ಟಗಳಿಗೆ. ನನ್ನ ಸಹೋದ್ಯೋಗಿಯೊಬ್ಬರು ಎರಡನೇ ರಿಂಗಿನ ಒಳಗೆ ಮನೆ ಹಿಡಿದು, ಬಿ ಪ್ಲೇಟ್ ಬೈಕ್ ತಗೊಂಡರು. ಪಾಪ, ಆ ಗಾಡಿಯನ್ನು ಸ್ನೇಹಿತರ ಮನೆ ಹತ್ತಿರ ನಿಲ್ಲಿಸಿ, ಅಲ್ಲಿವರೆಗೆ ಮೆಟ್ರೋದಲ್ಲಿ ಹೆಲ್ಮೆಟ್ ಹಿಡಿದುಕೊಂಡು ಹೋಗುತ್ತಿದ್ದರು.

ನಮ್ಮ ಡಿಎಲ್ ಅಲ್ಲಿ ನಡೆಯುತ್ತಾ?

ಇಲ್ಲ. ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಚೀನಾದಲ್ಲಿ ನಡೆಯುವುದಿಲ್ಲ. ಬೇರೆ ಎಷ್ಟೋ ದೇಶಗಳಲ್ಲಿ ಅದಕ್ಕೆ ಬೆಲೆ ಇದೆ, ಚೀನಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ನಂಬಿ ಗಾಡಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ. ಕಾನೂನಿನ ಪ್ರಕಾರ ದಂಡ 200ರಿಂದ 2,000 ಯುವಾನ್, ಜೊತೆಗೆ 15 ದಿನದವರೆಗೆ ಒಳಗೆ ಹಾಕಬಹುದು. ವೀಸಾದ ಮೇಲೂ ಕಣ್ಣು ಬೀಳುತ್ತದೆ. ಅಪಘಾತವಾದರಂತೂ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ.

ಸಮಾಧಾನದ ಸಂಗತಿ ಅಂದರೆ, ಊರಿನ ಡಿಎಲ್ ಪೂರ್ತಿ ವ್ಯರ್ಥವಲ್ಲ. ಅದನ್ನು ತೋರಿಸಿ ಚೀನಾದ ಲೈಸೆನ್ಸ್ ಪಡೆಯಬಹುದು. ಡಿಎಲ್‌ನ ಚೀನೀ ಅನುವಾದ, ಕಣ್ಣು ಕಿವಿ ಕೈಕಾಲು ನೋಡುವ ಮೆಡಿಕಲ್, ಪಾಸ್‌ಪೋರ್ಟ್, ವಾಸದ ಪರ್ಮಿಟ್, ವಿಳಾಸದ ಚೀಟಿ ಬೇಕು. ಆಮೇಲೆ ಒಂದು ಥಿಯರಿ ಪರೀಕ್ಷೆ. ರಸ್ತೆಯಲ್ಲಿ ಓಡಿಸಿ ತೋರಿಸಬೇಕಿಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ, ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೂ ಬರೆಯಬಹುದು. 100ಕ್ಕೆ 90 ಬಂದರೆ ಪಾಸು. 90 ಅಂದರೆ ಸುಮ್ನೆ ಮಾತಲ್ಲ. ಟ್ರಾಫಿಕ್ ಪೊಲೀಸರ ಎಂಟು ಕೈಸನ್ನೆಗಳನ್ನು ಚಿತ್ರ ನೋಡಿ ಗುರುತಿಸಬೇಕು. ಗಾಯಾಳುವಿನ ರಕ್ತ ಸೋರುವುದನ್ನು ಹೇಗೆ ನಿಲ್ಲಿಸಬೇಕು ಅಂತಲೂ ಕೇಳುತ್ತಾರೆ. ಪ್ರಶ್ನೆಗಳ ಇಂಗ್ಲಿಷ್ ಅನುವಾದ ಕೆಲವು ಕಡೆ ಎಷ್ಟು ಸೊಟ್ಟ ಅಂದರೆ, ಉತ್ತರ ಗೊತ್ತಿದ್ದರೂ ಪ್ರಶ್ನೆ ಅರ್ಥವಾಗುವುದಿಲ್ಲ. ಪ್ರಶ್ನೆಗಳ ಆ್ಯಪ್ ಇಟ್ಟುಕೊಂಡು ಎರಡು ವಾರ ಉರು ಹೊಡೆಯುವುದೇ ದಾರಿ.

ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು ದರ್ಜೆ. ಕಾರಿಗೆ 'ಸಿ1', ಆಟೊಮ್ಯಾಟಿಕ್ ಕಾರಿಗೆ 'ಸಿ2'. ಬೈಕಿಗೆ ಬೇರೆ ಅಕ್ಷರಗಳು. 50 ಸಿಸಿವರೆಗಿನ ಸಣ್ಣ ಗಾಡಿಗೆ 'ಎಫ್', ಅದಕ್ಕಿಂತ ದೊಡ್ಡ ದ್ವಿಚಕ್ರಕ್ಕೆ 'ಇ', ಮೂರು ಚಕ್ರದ ಮತ್ತು ಸೈಡ್‌ಕಾರ್ ಗಾಡಿಗೆ 'ಡಿ'. ಡಿ ಇದ್ದರೆ ಉಳಿದೆರಡೂ ಅದರಲ್ಲೇ ಬಂತು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಬೈಕ್ ಓಡಿಸಿದರೆ ಅದೂ ತಪ್ಪೇ. ನಮ್ಮ ಡಿಎಲ್‌ನಲ್ಲಿ ಗೇರ್ ಇರುವ ಬೈಕ್ ಅಂತ ಬೇರೆಯಾಗಿ ನಮೂದಾಗಿರುತ್ತದೆ. ಅನುವಾದದಲ್ಲಿ ಅದು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅನುವಾದ ಮಾಡುವವರು ಕಾರಿನ ಸಾಲು ಬರೆದು ಬೈಕಿನ ಸಾಲು ಬಿಟ್ಟರೆ ನಿಮಗೆ ಕಾರಿನದು ಮಾತ್ರ ಸಿಗುತ್ತದೆ. ಬೈಕ್ ಬೇಕಿದ್ದರೆ ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಂಬಗಳ ನಡುವೆ ಹಾವಿನಂತೆ ಸುತ್ತಿ, ಏರಿನಲ್ಲಿ ನಿಲ್ಲಿಸಿ ಎತ್ತಿ, ಕಿರಿದಾದ ಹಲಗೆ ಸೇತುವೆ ಮೇಲೆ ಚಕ್ರ ದಾಟಿಸಿ ತೋರಿಸಬೇಕು.

ಎರಡನೆಯದು ಹೆಸರು. ಇದು ನಮ್ಮವರಿಗೇ ಅಂಟಿಕೊಂಡ ಕಾಟ. ಡಿಎಲ್‌ನಲ್ಲಿ 'ಮಂಜುನಾಥ ಬಿ ಕೆ' ಅಂತ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಬಿ, ಕೆ ಎರಡೂ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿ ಮುಂದೆ ಬಂದು ನಿಂತಿರುತ್ತವೆ. ಚೀನಾದ ಕೌಂಟರಿನವರಿಗೆ ಇವರಿಬ್ಬರೂ ಒಬ್ಬರೇ ಅಂತ ನಂಬಿಸುವುದು ಹೇಗೆ? "ನಿನ್ನ ಮನೆತನದ ಹೆಸರು ಯಾವುದು?" ಅಂತ ಕೇಳಿದರು. ಇಲ್ಲ ಅಂದೆ. ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಊರು ಬಿಡುವ ಮುಂಚೆಯೇ ಡಿಎಲ್ ಹೆಸರನ್ನು ಪಾಸ್‌ಪೋರ್ಟಿನ ಹೆಸರಿಗೆ ಸರಿ ಮಾಡಿಸಿಕೊಳ್ಳಿ. ನಮ್ಮ ಆರ್‌ಟಿಒದಲ್ಲಿ ಅದು ಅರ್ಧ ದಿನದ ಕೆಲಸ, ಅಲ್ಲಿಗೆ ಹೋದ ಮೇಲೆ ಮೂರು ತಿಂಗಳ ಕೆಲಸ.

ಲೈಸೆನ್ಸ್ ಬೇಡದ ಗಾಡಿ ಎಂಬ ಭ್ರಮೆ

ಇಷ್ಟೆಲ್ಲ ಯಾಕೆ, ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರೆ ಆಯ್ತಲ್ಲ ಅಂತ ಎಲ್ಲರೂ ಯೋಚಿಸುತ್ತಾರೆ. ವಿದ್ಯಾರ್ಥಿಗಳಂತೂ ಮೊದಲ ವಾರದಲ್ಲೇ ಕೊಳ್ಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. 2019ರ ಏಪ್ರಿಲ್ 15ರಿಂದ ಜಾರಿಗೆ ಬಂದ ರಾಷ್ಟ್ರೀಯ ಮಾನದಂಡದ ಪ್ರಕಾರ ಗಂಟೆಗೆ 25 ಕಿಲೋಮೀಟರ್ ಮೀರದ, 55 ಕೆಜಿ ದಾಟದ, 400 ವ್ಯಾಟ್ ಒಳಗಿನ, ಪೆಡಲ್ ಇರುವ ಗಾಡಿ ಮಾತ್ರ 'ಎಲೆಕ್ಟ್ರಿಕ್ ಸೈಕಲ್' ಆಗಿತ್ತು. ಅದಕ್ಕೆ ಡಿಎಲ್ ಬೇಡ, ಪ್ಲೇಟ್ ಬೇಕು. 2025ರ ಸೆಪ್ಟೆಂಬರಿನಿಂದ ಹೊಸ ಮಾನದಂಡ ಬಂದಿದೆ, ಸೀಸದ ಬ್ಯಾಟರಿಯ ಗಾಡಿಗೆ ತೂಕದಲ್ಲಿ ಸ್ವಲ್ಪ ವಿನಾಯಿತಿ ಸಿಕ್ಕಿದೆ, ಪೆಡಲ್ ಇರಲೇಬೇಕು ಅಂತಲೂ ಇಲ್ಲ. ವೇಗದ ಮಿತಿ ಮಾತ್ರ ಅದೇ 25.

ಅಂಗಡಿಯಲ್ಲಿ ಅದರ ಪಕ್ಕದಲ್ಲೇ ನೋಡಲು ಹಾಗೇ ಇರುವ, 45 ಕಿಲೋಮೀಟರ್ ಓಡುವ ಇನ್ನೊಂದು ಗಾಡಿ ನಿಂತಿರುತ್ತದೆ. ಕಾನೂನಿನ ಕಣ್ಣಿಗೆ ಅದು ಮೋಟಾರ್‌ಸೈಕಲ್. ಅದಕ್ಕೆ ಎಫ್ ಲೈಸೆನ್ಸ್, ಇನ್ನೂ ವೇಗದ್ದಕ್ಕೆ ಇ ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬೇಕು. "ಏನೂ ಬೇಡ, ಓಡಿಸಿ" ಅಂತ ಅಂಗಡಿಯವರು ಹೇಳುತ್ತಾರೆ. ಹಿಡಿದಾಗ ಅಂಗಡಿಯವರು ಬರುವುದಿಲ್ಲ. ಗಾಡಿಯ ಜೊತೆ ಬರುವ ಪ್ರಮಾಣಪತ್ರದಲ್ಲಿ ಅದು ಯಾವ ಬಗೆ ಅಂತ ಬರೆದಿರುತ್ತದೆ. ಚೀನೀ ಓದಲು ಬರುವ ಒಬ್ಬರಿಂದ ಓದಿಸಿಕೊಂಡೇ ದುಡ್ಡು ಕೊಡಿ.

ಕೊಳ್ಳುವಾಗ

ಹೊಸ ಬೈಕಿನ ಜೊತೆ ಪ್ರಮಾಣಪತ್ರ, ತೆರಿಗೆ ಇಲಾಖೆ ಒಪ್ಪುವ ರಸೀದಿ ಎರಡೂ ಕೈಗೆ ಬರಬೇಕು. 150 ಸಿಸಿ ಮೀರಿದ ಬೈಕಿಗೆ ನೂರಕ್ಕೆ 10ರಷ್ಟು ಕೊಳ್ಳುವ ತೆರಿಗೆ. ಅದನ್ನು ಬೆಲೆಯಿಂದ 13 ಪರ್ಸೆಂಟ್ ವ್ಯಾಟ್ ಕಳೆದು ಲೆಕ್ಕ ಹಾಕುತ್ತಾರೆ. 20,000 ಯುವಾನಿನ ಬೈಕ್ ಅಂದುಕೊಳ್ಳಿ, ತೆರಿಗೆ ಸುಮಾರು 1,770 ಯುವಾನ್. 150 ಮತ್ತು ಅದಕ್ಕಿಂತ ಕಡಿಮೆ ಸಿಸಿಗೆ ಈ ತೆರಿಗೆಯೇ ಇಲ್ಲ. 150 ಸಿಸಿ ಆಸುಪಾಸಿನ ಗಾಡಿಗಳು ಅಲ್ಲಿ ಜಾಸ್ತಿ ಓಡಲು ಇದೂ ಒಂದು ಕಾರಣ.

ಆಮೇಲೆ ಕಡ್ಡಾಯ ಇನ್ಶೂರೆನ್ಸ್. ನಮ್ಮ ಥರ್ಡ್ ಪಾರ್ಟಿ ಇದ್ದ ಹಾಗೆ. ಇದರ ದರ ಓದಿದರೆ ನಗು ಬರುತ್ತದೆ. ವರ್ಷಕ್ಕೆ 50 ಸಿಸಿವರೆಗೆ 80 ಯುವಾನ್, 250 ಸಿಸಿವರೆಗೆ 120 ಯುವಾನ್, ಅದರ ಮೇಲೆ 400. ನನ್ನ 250ಕ್ಕೆ 120 ಕಟ್ಟಿದೆ, ಗೆಳೆಯನ 300ಕ್ಕೆ 400. ಪರಿಹಾರವೂ ಹಾಗೇ ಸಣ್ಣದು. ಎದುರಿನವರ ಸಾವು ಅಥವಾ ಅಂಗವೈಕಲ್ಯಕ್ಕೆ 1,80,000, ಆಸ್ಪತ್ರೆ ಖರ್ಚಿಗೆ 18,000, ವಸ್ತು ನಷ್ಟಕ್ಕೆ 2,000 ಯುವಾನ್‌ವರೆಗೆ. ಬೀಜಿಂಗ್ ರಸ್ತೆಯಲ್ಲಿ ಯಾವುದಾದರೂ ಜರ್ಮನ್ ಕಾರಿನ ಕನ್ನಡಿಗೆ ಹ್ಯಾಂಡಲ್ ತಾಗಿದರೆ ಆ 2,000 ಎಲ್ಲಿಗೂ ಸಾಲದು. ಹಾಗಾಗಿ ಮೇಲಿನ ಹೆಚ್ಚುವರಿ ಪಾಲಿಸಿ ತಗೊಳ್ಳಲೇಬೇಕು. ಬೈಕಿಗೆ ಪಾಲಿಸಿ ಕೊಡಲು ಎಷ್ಟೋ ಕಂಪನಿಗಳಿಗೆ ಮನಸ್ಸಿಲ್ಲ. 120 ಯುವಾನಿನಲ್ಲಿ ಅವರಿಗೇನು ಗಿಟ್ಟುತ್ತದೆ ಹೇಳಿ! ಕೌಂಟರಿನಲ್ಲಿ "ಸಿಸ್ಟಂ ಕೆಟ್ಟಿದೆ" ಅನ್ನುವ ಮಾತು ನಾನು ಮೂರು ಸಲ ಕೇಳಿದ್ದೇನೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಪ್ರೀಮಿಯಂನ ಎರಡು ಪಟ್ಟು. ನನ್ನ ಲೆಕ್ಕದಲ್ಲಿ 240 ಯುವಾನ್. ಅದು ದೊಡ್ಡದಲ್ಲ, ಗಾಡಿಯನ್ನು ಎತ್ತಿಕೊಂಡು ಹೋಗುತ್ತಾರಲ್ಲ, ಅದು ದೊಡ್ಡದು.

ಸೆಕೆಂಡ್ ಹ್ಯಾಂಡ್ ಆದರೆ ಮೈಯೆಲ್ಲ ಕಣ್ಣಾಗಿರಬೇಕು. ಅಲ್ಲಿ 'ಶುಯ್ ಚ' ಅನ್ನುವ ಮಾತಿದೆ, ಅಂದರೆ 'ನೀರಿನ ಗಾಡಿ'. ಸುಂಕ ಕಟ್ಟದೆ ಕದ್ದು ತಂದ ಬೈಕ್, ಅಥವಾ ಗುಜರಿ ತುಂಡುಗಳನ್ನು ಜೋಡಿಸಿ ಮಾಡಿದ ಬೈಕ್. ದೊಡ್ಡ ಜಪಾನೀ ಬೈಕ್ ಅರ್ಧ ಬೆಲೆಗೆ ಸಿಗುತ್ತಿದೆ ಅಂದರೆ ಅದು ಬಹುಪಾಲು ಇದೇ ಜಾತಿ. ಅದಕ್ಕೆ ಕಾಗದ ಹುಟ್ಟುವುದೇ ಇಲ್ಲ. ಮಾಲೀಕರ ಹೆಸರಿರುವ ನೋಂದಣಿ ಪುಸ್ತಕ ನೋಡದೆ ಮಾತೇ ಆಡಬೇಡಿ. ಅದಕ್ಕೆ ಹಸಿರು ರಟ್ಟು, ಜನ 'ದೊಡ್ಡ ಹಸಿರು ಪುಸ್ತಕ' ಅಂತಲೇ ಕರೆಯುತ್ತಾರೆ.

ಹೊರದೇಶದವರ ನಡುವೆ ಇನ್ನೊಂದು ಬಗೆಯ ವ್ಯಾಪಾರ ನಡೆಯುತ್ತದೆ. ಒಬ್ಬ ದೇಶ ಬಿಡುವಾಗ ಇನ್ನೊಬ್ಬನಿಗೆ ಕೀಲಿ ಕೊಟ್ಟು ದುಡ್ಡು ತಗೊಂಡು ವಿಮಾನ ಹತ್ತುತ್ತಾನೆ. ಹೆಸರು ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೀಗೆ ನಾಲ್ಕು ಕೈ ದಾಟಿದ ಬೈಕನ್ನು ನನಗೊಬ್ಬರು ಮಾರಲು ಬಂದಿದ್ದರು. ಗಾಡಿ ಚೆನ್ನಾಗಿತ್ತು. ಹೆಸರು ಇದ್ದದ್ದು ಎಂದೋ ಊರಿಗೆ ಮರಳಿದ ಯಾವನೋ ಯುರೋಪಿನವನದು. ಅವನು ಪಾಸ್‌ಪೋರ್ಟ್ ಸಮೇತ ಬಂದು ಸಹಿ ಹಾಕದ ಹೊರತು ಆ ಗಾಡಿ ಎಂದಿಗೂ ನನ್ನದಾಗುವುದಿಲ್ಲ. ಅದು ನಾಳೆ ಯಾರನ್ನೋ ಗುದ್ದಿದರೆ ಅವನಿಗೂ ನೆಮ್ಮದಿ ಇಲ್ಲ.

ಎಲ್ಲ ಕಾಗದಕ್ಕೂ ಒಂದೇ ಬೇರು

ಪ್ಲೇಟ್ ಬರೆಸಲು ಪೊಲೀಸ್ ಠಾಣೆಯ ವಾಸದ ಚೀಟಿ ಬೇಕು. ಮನೆ ಬದಲಿಸಿದ, ಹೋಟೆಲ್ ಬಿಟ್ಟು ಮನೆಗೆ ಬಂದ 24 ಗಂಟೆಯೊಳಗೆ ಮಾಡಿಸಬೇಕಾದ ಚೀಟಿ ಅದು. ಆ ಚೀಟಿಗೆ ವೀಸಾ ಬೇಕು, ವೀಸಾಕ್ಕೆ ಪಾಸ್‌ಪೋರ್ಟ್. ಕೊನೆಗೆ ಎಲ್ಲವೂ ಪಾಸ್‌ಪೋರ್ಟ್ ನಂಬರಿಗೆ ಹೋಗಿ ನಿಲ್ಲುತ್ತದೆ. ಚೀನಾದ ಲೈಸೆನ್ಸಿನಲ್ಲಿ ನಮಗೆ ಬೇರೆ ನಂಬರ್ ಇರುವುದಿಲ್ಲ. ಪಾಸ್‌ಪೋರ್ಟ್ ನಂಬರೇ ಲೈಸೆನ್ಸ್ ನಂಬರ್.

ಅದರಲ್ಲೇನು ತೊಂದರೆ ಅಂತೀರಾ? ಚೀನೀಯರ ಗುರುತಿನ ನಂಬರ್ ಹುಟ್ಟಿನಿಂದ ಸಾಯುವವರೆಗೆ ಒಂದೇ. ನಮ್ಮ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ ಮುಗಿಯುತ್ತದೆ, ಹೊಸದಕ್ಕೆ ಹೊಸ ನಂಬರ್ ಬರುತ್ತದೆ. ಆ ದಿನ ನೀವು ಆ ದೇಶದ ಕಂಪ್ಯೂಟರಿಗೆ ಬೇರೆಯೇ ಮನುಷ್ಯ. ಲೈಸೆನ್ಸ್ ಒಬ್ಬನದು, ಬೈಕ್ ಅವನದೇ, ಎದುರು ನಿಂತಿರುವವನು ಮಾತ್ರ ಬೇರೆ. ನನಗೆ ಇದು ಆದದ್ದು ಇನ್ಶೂರೆನ್ಸ್ ಮುಗಿಯುವ ವಾರದಲ್ಲೇ. ಹಳೇ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ಎಂಬಸಿಯವರು ವಾಪಸ್ ಕೊಟ್ಟಿದ್ದರು, ಪುಣ್ಯಕ್ಕೆ ಎಸೆದಿರಲಿಲ್ಲ. ಹಳೆಯದು, ಹೊಸದು ಎರಡನ್ನೂ ಹಿಡಿದು ಮೊದಲು ವೀಸಾ ಕಚೇರಿ, ಆಮೇಲೆ ಠಾಣೆ, ಆಮೇಲೆ ಲೈಸೆನ್ಸ್, ಆಮೇಲೆ ನೋಂದಣಿ ಪುಸ್ತಕ, ಕೊನೆಗೆ ಟ್ರಾಫಿಕ್ ಪೊಲೀಸರ '12123' ಆ್ಯಪ್. ಈ ಕ್ರಮ ತಪ್ಪಿದರೆ ಹಿಂದಕ್ಕೆ ಕಳಿಸುತ್ತಾರೆ. ಒಂಬತ್ತು ದಿನ ಬೈಕ್ ನೆಲಮಾಳಿಗೆಯಲ್ಲಿ ನಿಂತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ತಪಾಸಣೆಯ ವಿಷಯ ಅಷ್ಟು ಕಷ್ಟದ್ದಲ್ಲ. 2022ರ ಅಕ್ಟೋಬರ್ 1ರಿಂದ ಬೈಕನ್ನು ಮೊದಲ ಹತ್ತು ವರ್ಷದಲ್ಲಿ ಎರಡೇ ಸಲ, 6ನೇ ಮತ್ತು 10ನೇ ವರ್ಷ, ತಪಾಸಣೆ ಕೇಂದ್ರಕ್ಕೆ ಒಯ್ದರೆ ಸಾಕು. ಆಮೇಲೆ ವರ್ಷಕ್ಕೊಮ್ಮೆ. ಮೊದಲ ಹತ್ತು ವರ್ಷದ ನಡುವೆ ಎರಡು ವರ್ಷಕ್ಕೊಮ್ಮೆ ಕಾಗದದ ಮೇಲಿನ ಗುರುತು ಮಾತ್ರ ಪಡೆಯಬೇಕು, ಅದಕ್ಕೆ ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಇರಬೇಕು, ದಂಡ ಬಾಕಿ ಇರಬಾರದು. ಒಂದು ಎಚ್ಚರ: ಸೈಲೆನ್ಸರ್ ಬದಲಿಸಬೇಡಿ. ನಮ್ಮ ಕಡೆ ಬುಲೆಟ್ ತಗೊಂಡ ಮರುದಿನವೇ ಸೈಲೆನ್ಸರ್ ಅಂಗಡಿ ಹುಡುಕುವವರಿದ್ದಾರೆ. ಅಲ್ಲಿ ಬೀದಿ ನಡುಗಿಸುವ ಬೈಕುಗಳನ್ನು ಪೊಲೀಸರು ಹುಡುಕಿ ಹುಡುಕಿ ಹಿಡಿಯುತ್ತಾರೆ.

ಇನ್ನು ಗ್ಯಾರೇಜ್

ಈ ಭಾಗ ಬರೆಯಲು ಖುಷಿ. ನಮ್ಮ ಬೀದಿಯ ಹಿಂದೆ ಒಂದು ಸಣ್ಣ ರಿಪೇರಿ ಅಂಗಡಿ ಇತ್ತು. ಒಬ್ಬರೇ ಮೆಕ್ಯಾನಿಕ್, ಒಂದು ನಾಯಿ, ಒಂದು ಕಂಪ್ರೆಸರ್. ಮೆಕ್ಯಾನಿಕ್‌ಗೆ ಅಲ್ಲಿ 'ಶಿಫು' ಅನ್ನುತ್ತಾರೆ, ಕೈಕೆಲಸ ಬಲ್ಲ ಗುರು ಎಂಬ ಅರ್ಥದಲ್ಲಿ. ನಾವು ಮೇಸ್ತ್ರಿ ಅನ್ನುವ ಹಾಗೆ. ಶಿಫುವಿಗೆ ಇಂಗ್ಲಿಷ್ ಬರದು, ನನ್ನ ಚೀನೀ ಆಗ ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಷ್ಟು. ಆದರೂ ಕೆಲಸ ನಿಲ್ಲಲಿಲ್ಲ. ಐದಾರು ಪದ ಸಾಕು. ಆಯಿಲ್ ಬದಲಿಸುವುದಕ್ಕೆ 'ಹುವಾನ್ ಜೀಯೋ'. ಚೈನ್ 'ಲಿಯೆನ್‌ತಿಯಾವ್'. ಟೈರ್ 'ಲುನ್‌ತಾಯ್'. ಬ್ಯಾಟರಿಗೆ 'ದಿಯೆನ್‌ಪಿಂಗ್', ಬಿಡಿಸಿದರೆ ಕರೆಂಟಿನ ಬಾಟಲಿ. ಸ್ಪಾರ್ಕ್ ಪ್ಲಗ್‌ಗೆ 'ಹುವೊಹುವಾಸಾಯ್', ಬೆಂಕಿಹೂವಿನ ಬಿರಡೆ! ಆ ಪದ ಕಲಿತ ದಿನ ಸುಮ್ನೆ ಪ್ಲಗ್ ಬದಲಿಸಿಕೊಂಡು ಬಂದೆ.

ಹೊಸ ಬೈಕಿನ ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 1,000 ಕಿಲೋಮೀಟರಿಗೆ. ಆಯಿಲನ್ನು ನೀವೇ ತಗೊಂಡು ಹೋದರೆ ಶಿಫು ಕೂಲಿ ಮಾತ್ರ ಕೇಳುತ್ತಾರೆ, ನನಗೆ 30 ಯುವಾನ್ ಆಗುತ್ತಿತ್ತು. ಡಬ್ಬಿಯ ಮೇಲೆ 'ಜಾಸೊ ಎಂಎ' ಅಂತ ಇದೆಯಾ ನೋಡಿ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ನುಣುಪಿಗೆ ಕ್ಲಚ್ ಜಾರಲು ಶುರುವಾಗುತ್ತದೆ. ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ತಾವ್‌ಬಾವ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕಂಪನಿಯ ಸ್ವಂತ ಮಳಿಗೆಯಿಂದಲೇ ತರಿಸಿ, ನಕಲಿ ಮಾಲಿಗೆ ಅಲ್ಲಿ ಬರವಿಲ್ಲ. ಡ್ರೈನ್ ಬೋಲ್ಟಿನ ಒಂದು ತಾಮ್ರದ ವಾಷರ್ ಕೂಡ ಎರಡು ದಿನದಲ್ಲಿ ಮನೆಗೆ ಬಂತು. ತುಮಕೂರಿನಲ್ಲಿ ನನ್ನ ಹಳೇ ಬೈಕಿನ ವಾಷರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದು ನೆನಪಾಯಿತು.

2019ರ ಜುಲೈ 1ರಿಂದ ಮಾರುವ ಬೈಕುಗಳಿಗೆಲ್ಲ ನಾಲ್ಕನೇ ಹಂತದ ಹೊಗೆ ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಕಾಲ ಮುಗಿಯಿತು, ಎಲ್ಲ ಫ್ಯೂಯಲ್ ಇಂಜೆಕ್ಷನ್. ಬೆಳಿಗ್ಗೆ ಚೋಕ್ ಎಳೆದು ಕಿಕ್ಕರ್ ತುಳಿಯುವ ಕೆಲಸ ಇಲ್ಲ. ಹಾಗಂತ ಬೀಜಿಂಗ್ ಚಳಿ ಬಿಡುವುದಿಲ್ಲ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ. ನಮ್ಮವರಿಗೆ ಚಳಿಗಾಲಕ್ಕೆ ಬೈಕ್ ಕಟ್ಟಿಹಾಕುವ ಅಭ್ಯಾಸವೇ ಇಲ್ಲ ನೋಡಿ, ಮೊದಲ ವರ್ಷ ನಾನು ಬಿಟ್ಟ ಜಾಗದಲ್ಲೇ ಬಿಟ್ಟೆ. ಮಾರ್ಚ್‌ಗೆ 'ಕರೆಂಟಿನ ಬಾಟಲಿ' ಸತ್ತು ಬಿದ್ದಿತ್ತು. ಎರಡನೇ ವರ್ಷ ಬ್ಯಾಟರಿ ಕಳಚಿ ಒಳಗೆ ಇಟ್ಟೆ, ಟ್ಯಾಂಕ್ ಪೂರ್ತಿ ತುಂಬಿಸಿದೆ. ಖಾಲಿ ಟ್ಯಾಂಕಿನಲ್ಲಿ ತೇವ ಕೂತು ತುಕ್ಕು ಹಿಡಿಯುತ್ತದೆ. ಚಳಿ ಕಳೆದು ಏಪ್ರಿಲ್ ಬಂದರೆ ಪಾಪ್ಲರ್ ಮತ್ತು ವಿಲೋ ಮರಗಳ ಹತ್ತಿ ಊರೆಲ್ಲ ಹಿಮದಂತೆ ಹಾರುತ್ತದೆ. ನೋಡಲು ಚೆಂದ. ಅದು ರೇಡಿಯೇಟರಿನ ಮುಂದೆ ಕಂಬಳಿಯ ಹಾಗೆ ಕೂತು ಎಂಜಿನ್ ಬಿಸಿ ಏರಿಸುತ್ತದೆ. ಆ ಎರಡು ತಿಂಗಳು ವಾರಕ್ಕೊಮ್ಮೆ ಬ್ರಷ್ ಹಿಡಿಯಬೇಕು.

ಪೆಟ್ರೋಲ್ ಹಾಕಿಸುವುದು ಒಂದು ನಾಟಕ. ಹಲವು ಊರುಗಳ ಬಂಕಿನಲ್ಲಿ ಬೈಕನ್ನು ಪಂಪಿನ ಹತ್ತಿರ ಬಿಡುವುದಿಲ್ಲ, ಬಿಸಿ ಎಂಜಿನ್ ಮೇಲೆ ಚೆಲ್ಲಿದರೆ ಬೆಂಕಿ ಅಂತ. ಗಾಡಿಯನ್ನು ದೂರ ನಿಲ್ಲಿಸಿ, ಅವರು ಕೊಡುವ ತಗಡಿನ ಟೀ ಕೆಟಲ್‌ನಂಥ ಪಾತ್ರೆಗೆ 92 ಅಥವಾ 95 ನಂಬರಿನ ಪೆಟ್ರೋಲ್ ಹಿಡಿಸಿ, ನಡೆದು ಬಂದು ನೀವೇ ಸುರಿದುಕೊಳ್ಳಬೇಕು. ತೆರೆದ ಕೆಟಲ್‌ನಲ್ಲಿ ಪೆಟ್ರೋಲ್ ಹಿಡಿದು ಇಪ್ಪತ್ತು ಹೆಜ್ಜೆ ನಡೆಯುವುದು ಅದಕ್ಕಿಂತ ಹೇಗೆ ಸುರಕ್ಷಿತ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಿಡಿ ಪೆಟ್ರೋಲ್ ಅಂತ ಲೆಕ್ಕ ಹಾಕಿ ಕೆಲವು ಕಡೆ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ದೂರ ಪ್ರಯಾಣದ ಬಗ್ಗೆ ಎರಡೇ ಮಾತು. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ 80 ಕಿಲೋಮೀಟರ್ ವೇಗದವರೆಗೆ, ಹಿಂದೆ ಯಾರನ್ನೂ ಕೂರಿಸದೆ ಹೋಗಬಹುದು ಅಂತ ದೇಶದ ನಿಯಮ ಹೇಳುತ್ತದೆ, ಆದರೆ ಎಷ್ಟೋ ಪ್ರಾಂತ್ಯಗಳು ತಮ್ಮ ನಿಯಮ ಹಾಕಿ ಟೋಲ್ ಗೇಟಿನಲ್ಲೇ ತಿರುಗಿಸುತ್ತವೆ. ಹಳೇ ರಾಷ್ಟ್ರೀಯ ಹೆದ್ದಾರಿಗಳೇ ನಮ್ಮ ದಾರಿ, ಅವೇ ಚೆಂದ ಕೂಡ. ಇನ್ನು ಚೆಂಗ್ಡುವಿನಿಂದ ಲ್ಹಾಸಾಗೆ ಹೋಗುವ 318ನೇ ಹೆದ್ದಾರಿಯ ಕನಸು ಎಲ್ಲ ಬೈಕಿನವರಿಗೂ ಇರುತ್ತದೆ. ಹೊರದೇಶದವರು ಟಿಬೆಟ್‌ಗೆ ಪರ್ಮಿಟ್ ಮತ್ತು ಟೂರ್ ಏಜೆನ್ಸಿ ಇಲ್ಲದೆ ಒಬ್ಬರೇ ಹೋಗುವ ಹಾಗಿಲ್ಲ.

ಹೊರದೇಶದವರ ಇನ್ನೊಂದು ಹುಚ್ಚು ಚಾಂಗ್ ಜಿಯಾಂಗ್ 750. ಅದು ಸೈಡ್‌ಕಾರ್ ಬೈಕ್. ಅದರ ಮೂಲ ರಷ್ಯಾದ ಎಂ72, ಅದರ ಮೂಲ ಜರ್ಮನಿಯ ಬಿಎಂಡಬ್ಲ್ಯು ಆರ್71. ಎರಡು ಪಕ್ಕಕ್ಕೂ ಚಾಚಿದ 746 ಸಿಸಿ ಎಂಜಿನ್, ಮಿಲಿಟರಿ ಹಸಿರು ಬಣ್ಣ. ಬೀಜಿಂಗ್ ಗಲ್ಲಿಗಳಲ್ಲಿ ಟೂರಿಸ್ಟರನ್ನು ಕೂರಿಸಿಕೊಂಡು ಹೋಗುವುದನ್ನು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. 2013ರ ಮೇನಲ್ಲಿ ಜಾರಿಗೆ ಬಂದ ನಿಯಮ ದ್ವಿಚಕ್ರ ಬೈಕಿಗೂ ಸೈಡ್‌ಕಾರಿಗೂ 13 ವರ್ಷದ ಗುಜರಿ ಮಿತಿ ಹಾಕಿತು. ಹಾಗಾಗಿ ಹಳೇ 750ಗಳಲ್ಲಿ ಸರಿಯಾದ ಕಾಗದ ಇರುವುದು ಬಲು ಅಪರೂಪವಾಯಿತು. ಮಾರುವವನು ತೋರಿಸುವ ಪ್ಲೇಟ್ ನಿಜವಾಗಿ ಬೇರೆ ಯಾವುದೋ ಗಾಡಿಯದ್ದಾಗಿರಬಹುದು. ಬಾಡಿಗೆಗೆ ಕೂತು ಒಂದು ಸುತ್ತು ಹೊಡೆದು ಆಸೆ ತೀರಿಸಿಕೊಳ್ಳಿ. ನಾನು ಮಾಡಿದ್ದು ಅದೇ.

ಬಿಟ್ಟು ಬರುವಾಗ

ವೀಸಾ ಮುಗಿಯಲು ಎರಡು ತಿಂಗಳಿರುವಾಗಲೇ ಬೈಕ್ ಮಾರಲು ಶುರು ಮಾಡಬೇಕು. ವೀಸಾ ಮುಗಿದರೆ ನಿಮ್ಮ ಕಾಗದಗಳೆಲ್ಲ ಒಟ್ಟಿಗೆ ಸಾಯುತ್ತವೆ, ಆಮೇಲೆ ಮಾರಲೂ ಆಗದು. ನಾನು ಹಳೇ ಸಾಮಾನಿನ ಆ್ಯಪ್ ಒಂದರಲ್ಲಿ ಫೋಟೋ ಹಾಕಿದೆ. ಕೊಂಡದ್ದು ಕಾಲೇಜು ಮುಗಿಸಿದ ಒಬ್ಬ ಹುಡುಗ. ಕೀಲಿ ಕೈಗೆ ಕೊಡುವ ಮುಂಚೆ ಇಬ್ಬರೂ ನೋಂದಣಿ ಕಚೇರಿಗೆ ಹೋದೆವು. ಹಸಿರು ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಅವನ ಹೆಸರು ಅಚ್ಚಾಯಿತು. ಹೆಸರು ಬದಲಾದರೆ ಹಳೇ ಪ್ಲೇಟ್ ವಾಪಸ್ ಕೊಡಬೇಕು, ಅವನಿಗೆ ಹೊಸದು ಬರುತ್ತದೆ. ಹುಡುಗನೇ ಸ್ಕ್ರೂಡ್ರೈವರ್ ತಂದಿದ್ದ. ಒಂದು ಸ್ಕ್ರೂ ತುಕ್ಕು ಹಿಡಿದು ಜಾಮ್ ಆಗಿತ್ತು. ಪಾರ್ಕಿಂಗ್ ಜಾಗದಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಕಾಲು ಗಂಟೆ ಒದ್ದಾಡಿ ಆ ಹಳದಿ ತಗಡನ್ನು ಬಿಚ್ಚಿದೆವು. ಕಿಟಕಿಯಲ್ಲಿದ್ದವರು ಅದನ್ನು ತಗೊಂಡು, ನಂಬರ್ ಒಮ್ಮೆ ನೋಡಿ, ಹಿಂದೆ ಇದ್ದ ಡಬ್ಬಕ್ಕೆ ಎಸೆದರು.